ಲೇಕಾಕ್ ಅಬ್ಬೆ: ಇದು ಮನೆಯೋ, ಮಠವೋ?

ಬಿಸಿಲುಕೋಲು:
ಎಲ್ಲರಿಗೂ ನಮಸ್ಕಾರ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಕಳೆದ ಶನಿವಾರ ಅವರನ್ನು ಲೇಕಾಕ್‌ಗೆ ಕರೆದುಕೊಂಡು ಹೋಗಿದ್ದೆ. ಇಂಗ್ಲೆಂಡಿನ ವಿಲ್ಟ್‌ಷರ್‌ನಲ್ಲಿ, ಚಿಪ್ಪೆನ್‌ಹ್ಯಾಮ್ ಹತ್ತಿರದ ಹಳ್ಳಿ ಅದು. ನಾನಿರುವುದು ಬ್ರಿಸ್ಟಲ್‌ನಲ್ಲಿ, ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ.

ಹಳ್ಳಿಯ ಅಂಚಿನಲ್ಲಿ, ಹುಲ್ಲುಗಾವಲಿನ ನಡುವೆ ಲೇಕಾಕ್ ಅಬ್ಬೆ ಇದೆ. ಅಬ್ಬೆ ಅಂದರೆ ಮಠ. ಆದರೆ ದೂರದಿಂದ ನೋಡಿದರೆ ದೊಡ್ಡ ಜಮೀನ್ದಾರರ ಬಂಗಲೆ. ಮೂಲೆಯಲ್ಲಿ ಎಂಟು ಮುಖದ ಗೋಪುರ, ಮೇಲೆ ಹಗ್ಗ ಹೊಸೆದ ಹಾಗೆ ತಿರುಚಿದ ಚಿಮಣಿಗಳು. ಒಳಗೆ ಕಾಲಿಟ್ಟರೆ ನೆಲಮಹಡಿಯಲ್ಲಿ ಸನ್ಯಾಸಿನಿಯರ ಹಳೇ ಮಠ ಹಾಗೇ ಇದೆ. ಮೆಟ್ಟಿಲು ಹತ್ತಿದರೆ ರತ್ನಗಂಬಳಿ, ಪುಸ್ತಕದ ಕಪಾಟು, ಕುರ್ಚಿ, ಮೇಜು.

ಕೆಳಗೆ ನಾಲ್ಕು ಕಡೆ ಕಟ್ಟಡ, ನಡುವೆ ಆಕಾಶಕ್ಕೆ ತೆರೆದ ಹುಲ್ಲಿನ ಅಂಗಳ. ಅಂಗಳದ ಅಂಚಿನಲ್ಲಿ ಕಲ್ಲಿನ ಕಮಾನು ಚಾವಣಿಯ ಓಣಿ. ಇದಕ್ಕೆ ಕ್ಲಾಯ್ಸ್ಟರ್ ಅನ್ನುತ್ತಾರೆ. ಈಗಿರುವ ಚಾವಣಿ 15ನೇ ಶತಮಾನದ್ದು. ಕಮಾನಿನ ಪಟ್ಟಿಗಳು ಎಲ್ಲೆಲ್ಲಿ ಒಂದನ್ನೊಂದು ಕೂಡುತ್ತವೋ ಅಲ್ಲೆಲ್ಲ ಒಂದು ಉಬ್ಬು ಕೆತ್ತನೆ. ಅಮ್ಮ ಕತ್ತು ಮೇಲೆತ್ತಿ ಒಂದೊಂದೇ ನೋಡುತ್ತಾ ಹೋದರು. ಕತ್ತು ನೋವು ಬಂದ ಮೇಲೆ ಗೋಡೆಗೆ ಒರಗಿ ನಿಂತರು. ಹೊರಗೆ ಚೆನ್ನಾಗಿ ಬಿಸಿಲಿತ್ತು. ಒಳಗೆ ಕಲ್ಲು ಮುಟ್ಟಿದರೆ ಬಾವಿಕಟ್ಟೆ ಮುಟ್ಟಿದ ಹಾಗೆ ತಣ್ಣಗೆ.

ಅಲ್ಲೇ ಅಪ್ಪ ಕೇಳಿದರು: "ಅಲ್ಲಾ ಮಗಾ, ಇದು ಮನೆಯೋ, ಮಠವೋ?"

ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. "ಎರಡೂ" ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ನನಗೂ ಆಗಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಕಟ್ಟಡವನ್ನು ಹೇಗೆ ನೋಡಬೇಕು? ಮಠ ಉಳಿಸಿದ ಮನೆ ಅಂತಲೋ, ಮಠ ನುಂಗಿದ ಮನೆ ಅಂತಲೋ?

ಕಲ್ಲುಹಾಸು:
ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಮೊದಲು ಕಟ್ಟಿಸಿದವರ ಬಗ್ಗೆ ಸ್ವಲ್ಪ ಹೇಳಬೇಕು. ಅವರನ್ನು ಎಲ್ಲರೂ ಮರೆಯುತ್ತಾರೆ.

ಮಠ ಕಟ್ಟಿಸಿದ್ದು ಎಲಾ ಎಂಬ ಹೆಣ್ಣುಮಗಳು. ಸಾಲಿಸ್‌ಬರಿಯ ಕೌಂಟೆಸ್. ಪದವಿ ಗಂಡನಿಂದ ಬಂದದ್ದಲ್ಲ, ತಂದೆಯಿಂದ ಬಂದದ್ದು. ಗಂಡ ವಿಲಿಯಂ ಲಾಂಗೆಸ್ಪೀ, ರಾಜ 2ನೇ ಹೆನ್ರಿಯ ಮಗ, ಆದರೆ ಮದುವೆಯಾಚೆ ಹುಟ್ಟಿದವನು. 1226ರಲ್ಲಿ ಆತ ತೀರಿಕೊಂಡ. ಆಮೇಲೆ ಎಲಾ ವಿಲ್ಟ್‌ಷರ್‌ನ ಶೆರಿಫ್ ಆಗಿ ಕೆಲಸ ಮಾಡಿದಳು. ಆ ಕಾಲಕ್ಕೆ ಒಬ್ಬ ಹೆಂಗಸು ಜಿಲ್ಲೆಯ ಕಂದಾಯ, ನ್ಯಾಯ ನೋಡಿಕೊಳ್ಳುವುದು ಬಲು ಅಪರೂಪ.

1232ರ ಏಪ್ರಿಲ್ 16ರಂದು ಎರಡು ಮಠಗಳಿಗೆ ಒಂದೇ ದಿನ ಅಡಿಗಲ್ಲು ಹಾಕಿಸಿದಳು. ಬೆಳಿಗ್ಗೆ ಲೇಕಾಕ್, ಮಧ್ಯಾಹ್ನ ಹಿಂಟನ್ ಅಂತ ಹೇಳುತ್ತಾರೆ. ಹಿಂಟನ್ ಗಂಡಸರ ಮಠ, ಲೇಕಾಕ್ ಹೆಂಗಸರದ್ದು. ಕೆಲವು ವರ್ಷಗಳಾದ ಮೇಲೆ ತಾನೇ ಲೇಕಾಕ್‌ನಲ್ಲಿ ಸನ್ಯಾಸ ತೆಗೆದುಕೊಂಡು, 1240ರ ಹೊತ್ತಿಗೆ ಮಠದ ಮುಖ್ಯಸ್ಥೆಯಾದಳು. 1261ರಲ್ಲಿ ಅಲ್ಲೇ ತೀರಿಕೊಂಡಳು. ಬಿಸಿಲುಕೋಲು ಅವರು ನಡೆದ ಅಂಗಳದ ಮೂಲ ನಕ್ಷೆ ಆಕೆಯ ಕಾಲದ್ದು. ಆಕೆಯ ನಂತರ ಮಠ ಸುಮಾರು 280 ವರ್ಷ ನಡೆಯಿತು. ಆಮೇಲೆ ಅದನ್ನು ಕೊಂಡವನೊಬ್ಬ ತನ್ನ ಮನೆ ಮಾಡಿಕೊಂಡ.

ಸಂಪಿಗೆ:
ಒಂದು ಸಣ್ಣ ಮಾತು. ನಾವು ಹವ್ಯಕರು. ನಮ್ಮ ಮನೆಯಲ್ಲಿ ಅಬ್ಬೆ ಅಂದರೆ ಅಮ್ಮ. "ಲೇಕಾಕ್ ಅಬ್ಬೆ" ಅಂತ ತಲೆಬರಹ ನೋಡಿದಾಗ ಯಾರೋ ತಾಯಿಯ ಬಗ್ಗೆ ಬರೆದಿದ್ದಾರೆ ಅಂದುಕೊಂಡೆ. ಎಲಾ ಕತೆ ಓದಿದ ಮೇಲೆ ತಪ್ಪೇನೂ ಆಗಿಲ್ಲ ಅನ್ನಿಸಿತು.

ಕಲ್ಲುಹಾಸು:
ಸಂಪಿಗೆ ಅಕ್ಕಾ, ಆ ಇಂಗ್ಲಿಷ್ ಪದದ ಬೇರು ಅಪ್ಪ ಅನ್ನುವ ಅರ್ಥದ ಅರಾಮಿಕ್ ಪದ. ಆದರೆ ಲೇಕಾಕ್ ಮಟ್ಟಿಗೆ ನಿಮ್ಮ ಅರ್ಥವೇ ಚೆನ್ನಾಗಿದೆ.

ತೊಟ್ಟಿಮನೆ:
ನಾನು ಕಟ್ಟಡದ ಕೆಲಸ ಮಾಡುವವನು. ನನಗೆ ಅರ್ಥವಾಗದ್ದು ಬೇರೆ. 1232ರ ಗೋಡೆಯ ಮೇಲೆ 300 ವರ್ಷ ಬಿಟ್ಟು ಇನ್ನೊಬ್ಬ ಬಂದು ಮನೆ ಕಟ್ಟಿದ ಅಂದರೆ, ಭಾರ ತಡೆಯಿತೇ? ನಮ್ಮಲ್ಲಿ 40 ವರ್ಷದ ಹಳೇ ಮನೆ ಮೇಲೆ ಇನ್ನೊಂದು ಮಹಡಿ ಏರಿಸುವ ಮೊದಲು ಹತ್ತು ಸಲ ಯೋಚಿಸುತ್ತೇವೆ.

ಬಿಸಿಲುಕೋಲು:
ಸರ್, ಆತ ಹೊಸ ಮಹಡಿ ಏರಿಸಿದ್ದಕ್ಕಿಂತ ಇದ್ದ ಮಹಡಿಯನ್ನು ಬದಲಾಯಿಸಿದ್ದು ಜಾಸ್ತಿ. ಮಠ ಇದ್ದಾಗಲೇ ಅದು ಎರಡಂತಸ್ತು. ಸನ್ಯಾಸಿನಿಯರು ಮಲಗುತ್ತಿದ್ದ ಉದ್ದನೆಯ ಕೋಣೆ ಪೂರ್ವದಲ್ಲಿ, ಮೇಲೆ. ಊಟದ ಮನೆ ಉತ್ತರದಲ್ಲಿ, ಅದೂ ಮೇಲೆ. ಕೆಳಗೆ ಸಭೆ ಸೇರುವ ಕೋಣೆ, ಪೂಜೆಯ ಸಾಮಾನಿನ ಕೋಣೆ, ಮೈ ಕಾಯಿಸಿಕೊಳ್ಳುವ ಕೋಣೆ. ಗೋಡೆಗಳು ದಪ್ಪ, ಕಲ್ಲಿನ ಕಮಾನು ಗಟ್ಟಿ. ಹಾಗಾಗಿ ಕೆಳಗಿನದನ್ನು ಮುಟ್ಟದೆ ಮೇಲಿನದನ್ನೆಲ್ಲ ತನಗೆ ಬೇಕಾದ ಹಾಗೆ ಕೋಣೆ ಮಾಡಿಕೊಂಡ.

ಮೈ ಕಾಯಿಸುವ ಕೋಣೆ ನೋಡಿ ಅಮ್ಮನಿಗೆ ಪಾಪ ಅನ್ನಿಸಿತು. ಅಷ್ಟು ದೊಡ್ಡ ಮಠದಲ್ಲಿ ಚಳಿಗಾಲದಲ್ಲಿ ಕೈ ಬೆಚ್ಚಗೆ ಮಾಡಿಕೊಳ್ಳಲು ಅಂತ ಇದ್ದ ಬೆಂಕಿ ಅದು. ಈಗ ಅಲ್ಲೊಂದು ಭಾರೀ ಲೋಹದ ಹಂಡೆ ಇಟ್ಟಿದ್ದಾರೆ, 1500ರಲ್ಲಿ ಈಗಿನ ಬೆಲ್ಜಿಯಂನ ಮೆಖೆಲೆನ್‌ನಲ್ಲಿ ಎರಕ ಹೊಯ್ದದ್ದು. ಅಮ್ಮ ಅದರ ಬಾಯಿಯ ಅಗಲವನ್ನು ಕೈಯಿಂದಲೇ ಅಳೆಯುವ ಹಾಗೆ ತೋರಿಸಿ, "ಇದರಲ್ಲಿ ನೂರು ಜನಕ್ಕೆ ಸಾರು ಕಾಯಿಸಬಹುದು" ಅಂದರು. ಆ ಹಂಡೆ ಪಕ್ಕದಲ್ಲಿ ಫೋಟೋಕ್ಕೆ ಮಕ್ಕಳ ಸಾಲು. ಈ ಜಾಗದಲ್ಲಿ ಮಾಂತ್ರಿಕ ಹುಡುಗನ ಸಿನಿಮಾ ತೆಗೆದಿದ್ದಾರೆ, ಬರುವವರಲ್ಲಿ ಬಹಳ ಜನ ಅದಕ್ಕಾಗಿ ಬರುತ್ತಾರೆ.

ಅರಳಿಕಟ್ಟೆ:
ಎಲ್ಲ ಓದಿದೆ. ಒಂದು ಮಾತು ನೇರವಾಗಿ ಹೇಳುತ್ತೇನೆ. "ಬದಲಾಯಿಸಿದ" ಅನ್ನುವುದು ತುಂಬಾ ಮೆತ್ತನೆಯ ಮಾತು. ಆತ ಚರ್ಚನ್ನು ಒಡೆದು ಹಾಕಿದ. ಮಠದ ಜೀವ ಇದ್ದದ್ದೇ ಅಲ್ಲಿ. ದಿನಕ್ಕೆ ಹಲವು ಸಲ, ರಾತ್ರಿಯಲ್ಲೂ ಎದ್ದು, 300 ವರ್ಷ ಪ್ರಾರ್ಥನೆ ಮಾಡಿದ ಜಾಗ. ಎಲಾ ಸಮಾಧಿ ಇದ್ದದ್ದೂ ಆ ಚರ್ಚಿನಲ್ಲೇ.

ರಾಜ 8ನೇ ಹೆನ್ರಿ ಮಠಗಳನ್ನು ಮುಚ್ಚಿಸುತ್ತಾ ಬಂದ ಕಾಲ ಅದು. 1536ರಿಂದ ನಾಲ್ಕೈದು ವರ್ಷದಲ್ಲಿ ಸುಮಾರು 800 ಮಠಗಳು ಹೋದವು. ಲೇಕಾಕ್ ಸನ್ಯಾಸಿನಿಯರು ಸುಮ್ನೆ ಕೂರಲಿಲ್ಲ. ಮೊದಲ ಸುತ್ತಿನಲ್ಲಿ 300 ಪೌಂಡ್ ಕಟ್ಟಿ ಮಠ ಉಳಿಸಿಕೊಂಡರು. ಅದು ಅವರಿಗೆ ಕೊಟ್ಟದ್ದು ಸ್ವಲ್ಪ ಕಾಲ ಅಷ್ಟೇ. 1539ರ ಜನವರಿಯಲ್ಲಿ ಕೊನೆಯ ಮುಖ್ಯಸ್ಥೆ ಜೋನ್ ಟೆಮ್ಸ್ ಮಠವನ್ನು ಒಪ್ಪಿಸಿಬಿಟ್ಟಳು.

1535ರಲ್ಲಿ ತಪಾಸಣೆಗೆ ಬಂದಿದ್ದ ಅಧಿಕಾರಿ ಜಾನ್ ಆಪ್ ರೈಸ್ ಬರೆದ ಕಾಗದ ಉಳಿದಿದೆ. ತಪ್ಪು ಹುಡುಕಲೆಂದೇ ಬಂದವನು. ಮಠ ಶಿಸ್ತಾಗಿದೆ ಅಂತ ಒಪ್ಪಿಕೊಳ್ಳಬೇಕಾಯಿತು. ಇವರ ನಿಯಮದ ಪುಸ್ತಕ ಫ್ರೆಂಚ್‌ನಲ್ಲಿದೆ, ಅದನ್ನು ಚೆನ್ನಾಗಿ ಬಲ್ಲರು, ಆದರೆ ಅದು ಈಗ ಜನ ಆಡುವ ಫ್ರೆಂಚ್ ಅಲ್ಲ, ಕಾನೂನಿನ ಹಳೇ ಪುಸ್ತಕಗಳ ಫ್ರೆಂಚ್‌ನಂತಿದೆ ಅನ್ನುತ್ತಾನೆ. ಯೋಚಿಸಿ. ಹೊರಗೆ ಭಾಷೆ ಬದಲಾಗಿ ಎಷ್ಟೋ ಕಾಲವಾಗಿತ್ತು. ಈ ಗೋಡೆಗಳ ಒಳಗೆ ಹೆಂಗಸರು ಎಲಾ ಕಾಲದ ಮಾತನ್ನು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದಿದ್ದರು. ಕಲ್ಲು ಉಳಿಯಿತು ಅಂತ ನಾವು ಸಂತೋಷ ಪಡುತ್ತಿದ್ದೇವೆ. ಆ ಮಾತು ಉಳಿಯಲಿಲ್ಲ.

ಸಂಪಿಗೆ:
ಇದನ್ನು ಓದಿ ಮನಸ್ಸು ಭಾರವಾಯಿತು. ಆಮೇಲೆ ಅವರೆಲ್ಲ ಎಲ್ಲಿ ಹೋದರು?

ಅರಳಿಕಟ್ಟೆ:
ಜೀವನಕ್ಕೆ ಅಂತ ವರ್ಷಕ್ಕಿಷ್ಟು ಪಿಂಚಣಿ ಕೊಟ್ಟರು. ಮುಖ್ಯಸ್ಥೆಗೆ ಜಾಸ್ತಿ, ಉಳಿದವರಿಗೆ ಕಡಿಮೆ. ಬೀದಿಗೆ ಬೀಳಲಿಲ್ಲ, ನಿಜ. ಆದರೆ ಒಟ್ಟಿಗೆ ಬಾಳಿದವರು ಒಬ್ಬೊಬ್ಬರೇ ಚದುರಿದರು.

ಇನ್ನು ಕೊಂಡುಕೊಂಡವನ ಕತೆ ಕೇಳಿ. ವಿಲಿಯಂ ಶಾರಿಂಗ್ಟನ್. 783 ಪೌಂಡ್‌ಗೆ ಮಠ, ಜಮೀನು ಎಲ್ಲ ಅವನದಾಯಿತು. ಆಮೇಲೆ ಬ್ರಿಸ್ಟಲ್ ಟಂಕಸಾಲೆಯಲ್ಲಿ ದೊಡ್ಡ ಹುದ್ದೆ ಸಿಕ್ಕಿತು. ಅಲ್ಲಿ ನಾಣ್ಯದ ತೂಕ ಕದ್ದ, ಲೆಕ್ಕದ ಪುಸ್ತಕ ತಿದ್ದಿದ. 1549ರಲ್ಲಿ ಸಿಕ್ಕಿಬಿದ್ದ. ಥಾಮಸ್ ಸೀಮೋರ್ ಎಂಬ ಪ್ರಭಾವಿ ರಾಜಬಂಧುವಿನ ಸಂಚಿನ ಜತೆ ಇವನ ಹಣವೂ ಸೇರಿತ್ತು. ಶಾರಿಂಗ್ಟನ್ ಎಲ್ಲ ಬಾಯಿಬಿಟ್ಟ. ಸೀಮೋರ್ ತಲೆ ಹೋಯಿತು. ಇವನಿಗೆ ಕ್ಷಮೆ ಸಿಕ್ಕಿತು, ಹಣ ಕಟ್ಟಿ ಆಸ್ತಿಯನ್ನೂ ವಾಪಸ್ ಪಡೆದ. ಆ ಎಂಟು ಮುಖದ ಗೋಪುರ ಅವನದೇ, ಬೆಲೆಬಾಳುವ ವಸ್ತು ಇಡಲು ಕಟ್ಟಿಸಿದ್ದು. ಇಂಥವನನ್ನು "ಉಳಿಸಿದವನು" ಅಂತ ಕರೆಯಲು ನನಗೆ ನಾಲಿಗೆ ಏಳುವುದಿಲ್ಲ.

ಕಲ್ಲುಹಾಸು:
ಅರಳಿಕಟ್ಟೆ ಅವರೇ, ಶಾರಿಂಗ್ಟನ್ ಒಳ್ಳೆಯವನು ಅಂತ ಯಾರೂ ಹೇಳಲ್ಲ. ಆದರೆ ಪಕ್ಕದ ಮಠಗಳ ಗತಿ ಏನಾಯಿತು ಅಂತ ನೋಡಬೇಕು. ಬಹಳಷ್ಟು ಕಡೆ ಚಾವಣಿಯ ಸೀಸ ಕಿತ್ತು ಕರಗಿಸಿ ಮಾರಿದರು. ಸೀಸ ಹೋದರೆ ಮಳೆ ಒಳಗೆ ಬರುತ್ತದೆ, ಮರ ಕೊಳೆಯುತ್ತದೆ, ಕಮಾನು ಕುಸಿಯುತ್ತದೆ. ಆಮೇಲೆ ಸುತ್ತಲ ಊರಿನವರಿಗೆ ಅದು ಕಲ್ಲಿನ ಗಣಿ. ಯಾರ್ಕ್‌ಷರ್‌ನ ಫೌಂಟನ್ಸ್ ಮಠದ ಕಲ್ಲುಗಳನ್ನೇ ತಂದು ಪಕ್ಕದಲ್ಲಿ ಫೌಂಟನ್ಸ್ ಹಾಲ್ ಅಂತ ಮನೆ ಕಟ್ಟಿದ್ದಾರೆ. ಮಠ ಇವತ್ತಿಗೂ ಚಾವಣಿ ಇಲ್ಲದ ಗೋಡೆ.

ಹ್ಯಾಂಪ್‌ಷರ್‌ನ ಮಾಟಿಸ್‌ಫಾಂಟ್‌ನಲ್ಲಿ, ಡೆವನ್‌ನ ಬಕ್‌ಲ್ಯಾಂಡ್‌ನಲ್ಲಿ ಇದರ ತಿರುವುಮುರುವು. ಅಲ್ಲಿ ಕೊಂಡವರು ಚರ್ಚನ್ನೇ ಮನೆ ಮಾಡಿಕೊಂಡರು. ಬಕ್‌ಲ್ಯಾಂಡ್‌ನಲ್ಲಿ ಚರ್ಚಿನ ಉದ್ದಕ್ಕೂ ಅಟ್ಟ ಹಾಕಿ ಮೂರಂತಸ್ತು ಮಾಡಿದರು, ಆಮೇಲೆ ಅದನ್ನು ಸಮುದ್ರಯಾನಿ ಫ್ರಾನ್ಸಿಸ್ ಡ್ರೇಕ್ ಕೊಂಡ. ಅಲ್ಲಿ ಚರ್ಚಿನ ಗೋಡೆ ಉಳಿದಿದೆ, ಕ್ಲಾಯ್ಸ್ಟರ್ ಹೋಗಿದೆ.

ಲೇಕಾಕ್‌ನಲ್ಲಿ ಸನ್ಯಾಸಿನಿಯರು ಕೂತ, ನಡೆದ, ಬೆಂಕಿ ಕಾಸಿದ ಜಾಗ ಇಷ್ಟು ಪೂರ್ತಿಯಾಗಿ ಉಳಿದಿರುವುದಕ್ಕೆ ಒಂದೇ ಕಾರಣ. ಅದರ ಮೇಲೆ ಯಾವತ್ತೂ ಸೂರು ಇತ್ತು. ಸೂರಿನ ಕೆಳಗೆ ಜನ ಇದ್ದರು. ಸೋರಿದರೆ ಹೆಂಚು ಸರಿಮಾಡುವವರು ಇದ್ದರು.

ತೊಟ್ಟಿಮನೆ:
ಇದು ನೂರಕ್ಕೆ ನೂರು ಸರಿ. ಜನ ಇರುವ ಮನೆ 200 ವರ್ಷ ಬಾಳುತ್ತದೆ. ಬೀಗ ಹಾಕಿದ ಮನೆ ಹತ್ತು ಮಳೆಗಾಲಕ್ಕೆ ಮಲಗುತ್ತದೆ. ನಮ್ಮ ಅಜ್ಜನ ಮನೆಯಲ್ಲೇ ನೋಡಿದ್ದೇನೆ. ಮೊದಲು ಒಂದು ಹೆಂಚು ಜಾರಿತು. ಯಾರೂ ನೋಡಲಿಲ್ಲ. ಮುಂದಿನ ವರ್ಷ ತೊಲೆಯ ತುದಿ ಮೆತ್ತಗಾಗಿತ್ತು, ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು. ಆಮೇಲಿನ ವರ್ಷ ಗೋಡೆ ಬಿತ್ತು.

ಅರಳಿಕಟ್ಟೆ:
ಒಪ್ಪುತ್ತೇನೆ. ಉಳಿದ ಕಾರಣ ಅದೇ. ಆದರೆ ಕಳೆದದ್ದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು ಅನ್ನುವುದು ನನ್ನ ಮಾತು. ಆ ಚರ್ಚು ಇದ್ದ ಜಾಗದಲ್ಲಿ ಈಗ ಏನಿದೆ?

ಬಿಸಿಲುಕೋಲು:
ಹುಲ್ಲು. ಮನೆಯ ದಕ್ಷಿಣಕ್ಕೆ ಚೆಂದದ ಹುಲ್ಲುಹಾಸು. ಜನ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ.

ಕತ್ತಲೆಕೋಣೆ:
ಇಷ್ಟು ಹೊತ್ತು ಓದುತ್ತಿದ್ದೆ. ಯಾರಾದರೂ ಟಾಲ್ಬಟ್ ಹೆಸರು ಹೇಳುತ್ತಾರೆ ಅಂತ ಕಾದೆ. ಫೋಟೋ ತೆಗೆಯುವ ನಮ್ಮಂಥವರಿಗೆ ಲೇಕಾಕ್ ಅಂದರೆ ತವರುಮನೆ.

ಶಾರಿಂಗ್ಟನ್‌ಗೆ ಮಕ್ಕಳಿರಲಿಲ್ಲ. ಆಸ್ತಿ ತಮ್ಮನಿಗೆ ಹೋಗಿ, ತಮ್ಮನ ಮಗಳು ಆಲಿವ್ ಮದುವೆಯಾದ ಟಾಲ್ಬಟ್ ವಂಶಕ್ಕೆ ಸೇರಿತು. ಆ ವಂಶದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1827ರಲ್ಲಿ ಇಲ್ಲಿ ಬಂದು ನೆಲೆಸಿದ. ಗಣಿತ, ಸಸ್ಯ, ಹಳೇ ಲಿಪಿ, ಎಲ್ಲದರಲ್ಲೂ ಆಸಕ್ತಿ. ಚಿತ್ರ ಬರೆಯಲು ಮಾತ್ರ ಕೈ ಬಗ್ಗುತ್ತಿರಲಿಲ್ಲ. 1833ರಲ್ಲಿ ಇಟಲಿಯ ಕೋಮೋ ಸರೋವರದ ದಡದಲ್ಲಿ ಕೂತು ಒಂದು ಉಪಕರಣದ ಸಹಾಯದಿಂದ ಚಿತ್ರ ಬಿಡಿಸಲು ನೋಡಿದ. ಆಗಲಿಲ್ಲ. ಕಣ್ಣಿಗೆ ಕಾಣುವ ನೋಟ ತಾನಾಗೇ ಕಾಗದದ ಮೇಲೆ ಕೂತರೆ ಹೇಗಿರುತ್ತದೆ ಅಂತ ಅಲ್ಲೇ ಯೋಚನೆ ಹತ್ತಿತು.

ಲೇಕಾಕ್‌ಗೆ ಬಂದು ಶುರು ಮಾಡಿದ. ಒಳ್ಳೆಯ ಬರೆಯುವ ಕಾಗದವನ್ನು ಉಪ್ಪುನೀರಿನಲ್ಲಿ ಅದ್ದಿ ಒಣಗಿಸುವುದು. ಅದರ ಮೇಲೆ ಸಿಲ್ವರ್ ನೈಟ್ರೇಟ್ ಬಳಿಯುವುದು. ಎರಡೂ ಸೇರಿ ಬೆಳಕಿಗೆ ಕಪ್ಪಾಗುವ ಬೆಳ್ಳಿಯ ಉಪ್ಪಾಗುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಮರದ ಪೆಟ್ಟಿಗೆಗಳನ್ನು ಮಾಡಿಸಿ, ಲೆನ್ಸ್ ಕೂರಿಸಿ, ಒಳಗೆ ಆ ಕಾಗದ ಇಟ್ಟು ಮನೆಯ ಸುತ್ತ ಅಲ್ಲಲ್ಲಿ ಬಿಟ್ಟುಬರುತ್ತಿದ್ದ. ಹೆಂಡತಿ ಕಾನ್‌ಸ್ಟನ್ಸ್ ಒಂದು ಪತ್ರದಲ್ಲಿ ಅವನ್ನು ಇಲಿಬೋನು ಅಂತ ಕರೆದಿದ್ದಾಳೆ. 1835ರ ಆಗಸ್ಟ್‌ನಲ್ಲಿ ಒಂದು ಪೆಟ್ಟಿಗೆ ಮನೆಯೊಳಗಿಂದ ಕಿಟಕಿಯ ಕಡೆ ಮುಖ ಮಾಡಿ ಕೂತಿತ್ತು. ಅದರಿಂದ ಬಂದದ್ದು ಅಂಚೆಚೀಟಿಯಷ್ಟು ಅಗಲದ ಕಾಗದ. ಇವತ್ತು ನಮಗೆ ಉಳಿದಿರುವ ಅತ್ಯಂತ ಹಳೆಯ ಫೋಟೋ ನೆಗೆಟಿವ್ ಅದೇ.

ಬೆಳಕು ಬಂದ ಕಡೆ ಕಪ್ಪು, ಕಂಬಿ ಇದ್ದ ಕಡೆ ಬಿಳಿ. ಮೊದಲು ತೆಗೆದಾಗ ಭೂತಗನ್ನಡಿ ಹಿಡಿದರೆ ಸುಮಾರು 200 ಗಾಜಿನ ಚೌಕಗಳನ್ನು ಎಣಿಸಬಹುದಿತ್ತು ಅಂತ ಟಾಲ್ಬಟ್ ತನ್ನ ಕೈಯಿಂದಲೇ ಅದರ ಪಕ್ಕ ಬರೆದಿಟ್ಟಿದ್ದಾನೆ. ಮೂಲ ಈಗ ಬ್ರಾಡ್‌ಫರ್ಡ್‌ನ ವಸ್ತುಸಂಗ್ರಹಾಲಯದ್ದು.

ನಾನು ಮೈಸೂರಿನಲ್ಲಿ ಮನೆಯ ಬಚ್ಚಲಲ್ಲಿ ಇದನ್ನು ಮಾಡಿ ನೋಡಿದ್ದೇನೆ. ಮೊದಲ ಸಲ ಬೇವಿನ ಎಲೆ ಇಟ್ಟು ಗಾಜು ಮುಚ್ಚಿ ಬಿಸಿಲಿಗೆ ಹಿಡಿದೆ. ಹದಿನೈದು ನಿಮಿಷದಲ್ಲಿ ಕಾಗದ ನೇರಳೆಗೆ ತಿರುಗಿ, ಆಮೇಲೆ ಕಂದಾಯಿತು. ಎಲೆ ತೆಗೆದೆ, ಬೆಳ್ಳಗೆ ಎಲೆಯ ಆಕಾರ, ನಡುವಿನ ನರ ಕೂಡ. ಖುಷಿಯಲ್ಲಿ ಹಾಲ್‌ಗೆ ತಂದು ಎಲ್ಲರಿಗೂ ತೋರಿಸಿದೆ. ಚಿತ್ರ ಅಳಿಯದ ಹಾಗೆ ನಿಲ್ಲಿಸುವ ಹೈಪೋ ಎಂಬ ದ್ರಾವಣದಲ್ಲಿ ಹಾಕುವುದನ್ನು ಮರೆತಿದ್ದೆ. ನೋಡ್ತಾ ನೋಡ್ತಾ ಎಲೆಯೂ ಕಂದಾಗಿ ಇಡೀ ಕಾಗದ ಒಂದೇ ಬಣ್ಣವಾಯಿತು. ಟಾಲ್ಬಟ್‌ಗೂ ದೊಡ್ಡ ಕಷ್ಟ ಇದೇ ಆಗಿತ್ತು. ಚಿತ್ರ ಬರಿಸುವುದಕ್ಕಿಂತ ನಿಲ್ಲಿಸುವುದು ಕಷ್ಟ. ಆತ ಮೊದಮೊದಲು ಗಟ್ಟಿ ಉಪ್ಪುನೀರಿನಲ್ಲೇ ನಿಲ್ಲಿಸುತ್ತಿದ್ದ. ಹೈಪೋ ದಾರಿ ತೋರಿಸಿದ್ದು ಅವನ ಗೆಳೆಯ ಜಾನ್ ಹರ್ಶೆಲ್. ನನ್ನ ಬೆರಳಿನ ಕಪ್ಪು ಕಲೆ ಹೋಗಲು ವಾರ ಹಿಡಿಯಿತು.

ಸಂಪಿಗೆ:
ಓದುತ್ತಾ ಕೈಗೆ ಉಪ್ಪುನೀರು ತಾಗಿದ ಹಾಗಾಯಿತು. ಆ ಕಿಟಕಿ ಈಗಲೂ ಇದೆಯಾ?

ಬಿಸಿಲುಕೋಲು:
ಇದೆ, ಅಕ್ಕಾ. ಆ ಕಿಟಕಿಯ ಬಗ್ಗೆ ಹೇಳಬೇಕು. ಮೊನ್ನೆಯಿಂದ ಅದೇ ತಲೆಯಲ್ಲಿದೆ. ಅರಳಿಕಟ್ಟೆ ಅವರು ಚರ್ಚಿನ ಜಾಗ ಕೇಳಿದ ಮೇಲೆ ನಕ್ಷೆ ತೆಗೆದು ಇನ್ನೊಮ್ಮೆ ನೋಡಿದೆ.

ಚರ್ಚು ಇದ್ದದ್ದು ಕ್ಲಾಯ್ಸ್ಟರ್‌ನ ದಕ್ಷಿಣಕ್ಕೆ. ಶಾರಿಂಗ್ಟನ್ ಅದನ್ನು ಒಡೆಸುವಾಗ ಉತ್ತರದ ಗೋಡೆಯನ್ನು ಬಿಟ್ಟ, ಯಾಕೆಂದರೆ ಅದೇ ತನ್ನ ಮನೆಯ ದಕ್ಷಿಣದ ಗೋಡೆ ಆಗಬೇಕಿತ್ತು. ಅಂದರೆ ಹುಲ್ಲುಹಾಸಿನ ಮೇಲೆ ನಿಂತು ಮನೆಯ ಮುಖ ಅಂತ ನಾವು ನೋಡುವುದು ಚರ್ಚಿನ ಒಳಗೋಡೆ. ನಾವು ನಿಂತದ್ದು ಚರ್ಚಿನ ಒಳಗೆ.

ಆ ಗೋಡೆಯ ಹಿಂದೆ ಮೇಲಂತಸ್ತಿನಲ್ಲಿ ಉದ್ದನೆಯ ಗ್ಯಾಲರಿ. 1830ರ ಹೊತ್ತಿಗೆ ಟಾಲ್ಬಟ್ ಆ ಗೋಡೆಯಲ್ಲಿ ಹೊರಗೆ ಚಾಚಿದ ಕಿಟಕಿಗಳನ್ನು ಇಡಿಸಿದ. ಅದರಲ್ಲಿ ಸಣ್ಣದೊಂದು, ಸೀಸದ ಪಟ್ಟಿಯ ಜಾಲರಿ ಇರುವುದು. ಪೆಟ್ಟಿಗೆ ಮುಖ ಮಾಡಿ ಕೂತಿದ್ದು ಅದರ ಕಡೆಗೆ.

ನಾವು ಹೋದಾಗ ಮಧ್ಯಾಹ್ನ. ಕಿಟಕಿ ನಿರೀಕ್ಷೆಗಿಂತ ಸಣ್ಣದು. ಗಾಜು ಒಂದೇ ಸಮ ಇಲ್ಲ, ಕೆಲವು ಚೌಕಗಳಲ್ಲಿ ಹೊರಗಿನ ಮರ ಸ್ವಲ್ಪ ಓರೆಯಾಗಿ ಕಾಣುತ್ತದೆ. ನೆಲದ ಹಲಗೆ ಮೇಲೆ ಜಾಲರಿಯ ನೆರಳು ಬಿದ್ದಿತ್ತು. ಅಪ್ಪ ಕಾಲಿಡದೆ ಪಕ್ಕಕ್ಕೆ ಸರಿದು ನಿಂತರು.

ಚರ್ಚು ಇದ್ದಿದ್ದರೆ ಆ ಬೆಳಕು ಅಲ್ಲಿಗೆ ಬರುತ್ತಲೇ ಇರಲಿಲ್ಲ. ಅದರ ಚಾವಣಿ, ಆಚೆ ಗೋಡೆ ಅಡ್ಡ ಇರುತ್ತಿತ್ತು. ಒಡೆದ ಜಾಗದ ಮೂಲಕ ಹಾದು ಬಂದ ಬೆಳಕು ಆ ಕಾಗದದ ಮೇಲೆ ಕೂತಿದೆ. ಇದರಿಂದ ಒಡೆದದ್ದು ಸರಿಯಾಯಿತು ಅಂತ ನಾನು ಹೇಳುತ್ತಿಲ್ಲ. ಇಲ್ಲಿ ಉಳಿದದ್ದನ್ನೂ ಕಳೆದದ್ದನ್ನೂ ಬೇರೆ ಬೇರೆ ಮಾಡಲು ನನಗೆ ಆಗುತ್ತಿಲ್ಲ, ಅಷ್ಟೇ.

ಅರಳಿಕಟ್ಟೆ:
ಇದನ್ನು ಎರಡು ಸಲ ಓದಿದೆ. ಗೋಡೆಯ ವಿಷಯ ನನಗೆ ಹೊಳೆದಿರಲಿಲ್ಲ. ಧನ್ಯವಾದ.

ಕತ್ತಲೆಕೋಣೆ:
ಆ ಚಿತ್ರವನ್ನು ನೂರು ಸಲ ತೋರಿಸಿ ಮಕ್ಕಳಿಗೆ ಪಾಠ ಮಾಡಿದ್ದೇನೆ. ಕಿಟಕಿಯ ಆಚೆ ಏನಿತ್ತು ಅಂತ ಒಂದು ಸಲವೂ ಕೇಳಿಕೊಂಡಿರಲಿಲ್ಲ. 1839ರಲ್ಲಿ ತನ್ನ ಕೆಲಸವನ್ನು ಜನರ ಮುಂದೆ ಇಟ್ಟಾಗ ಟಾಲ್ಬಟ್ ಈ ಮನೆಯ ಬಗ್ಗೆ ಬರೆದದ್ದು ನೆನಪಾಯಿತು. ತನ್ನ ಚಿತ್ರವನ್ನು ತಾನೇ ಬರೆದುಕೊಂಡ ಮೊದಲ ಕಟ್ಟಡ ಇದೇ ಇರಬೇಕು ಅನ್ನುತ್ತಾನೆ. 1844ರಿಂದ ಕಂತುಗಳಲ್ಲಿ ಹೊರತಂದ 'ದಿ ಪೆನ್ಸಿಲ್ ಆಫ್ ನೇಚರ್' ಪುಸ್ತಕದಲ್ಲೂ ಲೇಕಾಕ್ ಇದೆ. ಕ್ಲಾಯ್ಸ್ಟರ್‌ನ ಒಂದು ಚಿತ್ರ, ಶಾರಿಂಗ್ಟನ್ ಗೋಪುರದ್ದು ಒಂದು. ಮಠವನ್ನೂ ಮನೆಯನ್ನೂ ಒಂದೇ ಪುಸ್ತಕದಲ್ಲಿ ಇಟ್ಟಿದ್ದಾನೆ.

ಹಳೇಬೀಡಿನವಳು:
ಈ ಕತೆಯ ಒಂದು ಎಳೆ ನಮ್ಮೂರಿಗೆ ಬಂದು ಮುಟ್ಟುತ್ತದೆ, ಹೇಳದಿದ್ದರೆ ತಪ್ಪಾಗುತ್ತದೆ.

ಕಾಗದದ ನೆಗೆಟಿವ್‌ನಿಂದ ಎಷ್ಟು ಬೇಕಾದರೂ ಪ್ರತಿ ತೆಗೆಯಬಹುದು. ಟಾಲ್ಬಟ್ ತೆರೆದ ದಾರಿ ಅದು. ಲಿನೇಯಸ್ ಟ್ರೈಪ್ ಎಂಬ ಮದ್ರಾಸ್ ಸೈನ್ಯದ ಅಧಿಕಾರಿ ಬೆಂಗಳೂರಿನಲ್ಲಿದ್ದ. 1854ರ ಡಿಸೆಂಬರ್‌ನಲ್ಲಿ ರಜೆ ಹಾಕಿ ಹಳೇಬೀಡು, ಬೇಲೂರಿಗೆ ಬಂದು ಕಾಗದದ ನೆಗೆಟಿವ್ ಮೇಲೆ ದೇವಸ್ಥಾನಗಳ ಚಿತ್ರ ತೆಗೆದ. ಮುಂದಿನ ವರ್ಷ ಮದ್ರಾಸಿನ ಪ್ರದರ್ಶನದಲ್ಲಿ ಅವನ 68 ಫೋಟೋಗಳನ್ನು ಇಟ್ಟಿದ್ದರು. ಅದೇ ಕಾಲದಲ್ಲಿ ಆಂಡ್ರ್ಯೂ ನೀಲ್ ಎಂಬ ವೈದ್ಯನೂ ಹಳೇಬೀಡನ್ನು ತೆಗೆದಿದ್ದಾನೆ. ಅವನ ಚಿತ್ರಗಳು ಧಾರವಾಡ, ಮೈಸೂರು ಸೀಮೆಯ ಕಟ್ಟಡಗಳ ಮೇಲೆ 1866ರಲ್ಲಿ ಲಂಡನ್ನಿನಲ್ಲಿ ಬಂದ ದೊಡ್ಡ ಪುಸ್ತಕದಲ್ಲಿವೆ.

ನಾನು ಹುಟ್ಟಿದ್ದು ಹೊಯ್ಸಳೇಶ್ವರ ದೇವಸ್ಥಾನದ ಹತ್ತಿರದ ಬೀದಿಯಲ್ಲಿ. ಆ ಹಳೇ ಚಿತ್ರಗಳನ್ನು ಮೊದಲ ಸಲ ಪರದೆಯ ಮೇಲೆ ನೋಡಿದಾಗ ಗೋಡೆಯ ಆನೆಸಾಲನ್ನು ಗುರುತು ಹಿಡಿದೆ. ಚಿಕ್ಕವಳಿದ್ದಾಗ ಆ ಆನೆಗಳ ಬೆನ್ನ ಮೇಲೆ ಬೆರಳಾಡಿಸುತ್ತಾ ಓಡುತ್ತಿದ್ದೆವು. ಕಾಗದದ ನಾರಿನಿಂದಾಗಿ ಚಿತ್ರ ಸ್ವಲ್ಪ ಮೃದುವಾಗಿ, ಕಲ್ಲು ಬೆಚ್ಚಗಿರುವ ಹಾಗೆ ಕಾಣುತ್ತದೆ.

ಸಂಪಿಗೆ:
ವಿಲ್ಟ್‌ಷರ್‌ನ ಕಿಟಕಿಯಿಂದ ಹಳೇಬೀಡಿನ ಆನೆಗೆ 20 ವರ್ಷ ಕೂಡ ಆಗಲಿಲ್ಲ ನೋಡಿ.

ದಾರಿಹೋಕ:
ಮುಂದಿನ ತಿಂಗಳು ಅತ್ತೆ ಮಾವ ಬರುತ್ತಾರೆ, ಮಾವನಿಗೆ ಮಂಡಿ ನೋವು. ಹೋಗಬಹುದಾ?

ಬಿಸಿಲುಕೋಲು:
ಧಾರಾಳವಾಗಿ. ಕ್ಲಾಯ್ಸ್ಟರ್, ಕೆಳಗಿನ ಕೋಣೆಗಳು ನೆಲಮಟ್ಟದಲ್ಲೇ ಇವೆ. ಕಲ್ಲುಹಾಸು ಅಲ್ಲಲ್ಲಿ ಏರುತಗ್ಗು, ಕೈ ಹಿಡಿದುಕೊಳ್ಳಿ. ಮೇಲಿನ ಕೋಣೆಗಳಿಗೆ ಮೆಟ್ಟಿಲು ಹತ್ತಬೇಕು. ಮನೆಯ ಒಳಭಾಗ ಯಾವ ದಿನ ತೆರೆದಿರುತ್ತದೆ ಅಂತ ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಸ್ವೆಟರ್ ಮರೆಯಬೇಡಿ, ಬೇಸಿಗೆಯಾದರೂ ಸರಿ.

ಕಲ್ಲುಹಾಸು:
ಕೊನೆಯಲ್ಲಿ ಇನ್ನೊಬ್ಬ ಹೆಣ್ಣುಮಗಳ ಹೆಸರು ಸೇರಿಸಬೇಕು. ಟಾಲ್ಬಟ್‌ನ ಮಗ ಚಾರ್ಲ್ಸ್ ಹೆನ್ರಿ ಮದುವೆಯಾಗಲಿಲ್ಲ. ಮಠದ ಹಳೇ ಭಾಗಗಳನ್ನು ತಿಳಿಯುವುದರಲ್ಲೇ ಜೀವನ ಕಳೆದ. ಅವನ ಕಾಲದಲ್ಲೇ, 1890ರ ದಶಕದಲ್ಲಿ, ಹೆರಾಲ್ಡ್ ಬ್ರಾಕ್‌ಸ್ಪಿಯರ್ ಎಂಬ ವಾಸ್ತುಶಿಲ್ಪಿ ಚರ್ಚು ಇದ್ದ ಜಾಗವನ್ನು ಅಗೆದು ನೋಡಿದ. ಬಿಸಿಲುಕೋಲು ಅವರು ನೋಡಿದಂಥ ನಕ್ಷೆಗಳ ಹಿಂದೆ ಆ ಕೆಲಸ ಇದೆ.

ಚಾರ್ಲ್ಸ್ ನಂತರ ಮನೆ ಬಂದದ್ದು ಅವನ ಸೋದರ ಸೊಸೆ ಮಟಿಲ್ಡಾಗೆ. 1944ರಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗ, ಆಕೆ ಅಬ್ಬೆಯನ್ನೂ ಹಳ್ಳಿಯ ಬಹುಪಾಲನ್ನೂ ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಕೊಟ್ಟಳು. ಹಳ್ಳಿಯ ಬೀದಿ ಇವತ್ತಿಗೂ ಹಾಗೆ ಉಳಿದಿರುವುದು ಅದರಿಂದ.

ಇನ್ನೊಂದು ದಾನ 1946ರಲ್ಲಿ. 1225ರ ಮ್ಯಾಗ್ನಾ ಕಾರ್ಟಾದ ಒಂದು ಮೂಲ ಪ್ರತಿ ಎಷ್ಟೋ ಶತಮಾನ ಲೇಕಾಕ್‌ನಲ್ಲೇ ಇತ್ತು. ರಾಜನೂ ಕಾನೂನಿಗೆ ಒಳಪಟ್ಟವನು ಅಂತ ಬರೆದ ಆ ಚರ್ಮದ ಹಾಳೆ ಎಲಾ ಗಂಡ ಬದುಕಿದ್ದಾಗಿನದು. ಮಠ ಮುಚ್ಚಿತು, ಚರ್ಚು ಬಿತ್ತು, ಮನೆ ಎದ್ದಿತು, ಅದು ಮಾತ್ರ ಉಳಿಯಿತು. ಮಟಿಲ್ಡಾ ಅದನ್ನು ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟಳು. ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಅರಳಿಕಟ್ಟೆ:
ಎಲಾಳಿಂದ ಶುರುವಾಗಿ ಮಟಿಲ್ಡಾಗೆ ಬಂದು ನಿಂತಿತು. ಶಾರಿಂಗ್ಟನ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಬದಲಾಗುವುದೂ ಇಲ್ಲ. ಆದರೆ ಒಮ್ಮೆ ಹೋಗಬೇಕು. ಹೋದರೆ ಮೊದಲು ಹುಲ್ಲುಹಾಸಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತೇನೆ.

ಬಿಸಿಲುಕೋಲು:
ನೀವು ಬರೆದದ್ದನ್ನೆಲ್ಲ ನಿನ್ನೆ ರಾತ್ರಿ ಅಪ್ಪನಿಗೆ ಓದಿ ಹೇಳಿದೆ. ಆ ಫ್ರೆಂಚ್‌ನ ವಿಷಯ ಬಂದಾಗ "ಇನ್ನೊಮ್ಮೆ ಓದು" ಅಂದರು. ಮನೆಯೋ ಮಠವೋ ಅನ್ನುವ ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ.

ಇವತ್ತು ಬೆಳಿಗ್ಗೆ ನಾನು ತೆಗೆದಿದ್ದ ಕಿಟಕಿಯ ಫೋಟೋವನ್ನು ಪ್ರಿಂಟ್ ಹಾಕಿಕೊಡು ಅಂದರು. ಕೊಟ್ಟೆ. ಪೇಪರ್ ಓದುವ ಭೂತಗನ್ನಡಿ ಅವರ ಬ್ಯಾಗಿನಲ್ಲೇ ಇರುತ್ತದೆ. ಊಟದ ಮೇಜಿನ ಮೇಲೆ ಹಾಳೆ ಹರಡಿ, ಪೆನ್ಸಿಲ್ ಹಿಡಿದು, ಮೇಲಿನ ಸಾಲಿನಿಂದ ಒಂದೊಂದೇ ಚೌಕಕ್ಕೆ ಚುಕ್ಕೆ ಇಡುತ್ತಾ ಎಣಿಸುತ್ತಿದ್ದಾರೆ. ಅಮ್ಮ ತಿಂಡಿಗೆ ಎರಡು ಸಲ ಕರೆದರು. ಈಗ ಮೂರನೇ ಸಾಲಿನಲ್ಲಿದ್ದಾರೆ.